ನಮ್ಮ ಕಾಂಪೊನೆಂಟ್‌ಗಳು ಇನ್ನು ಪರದೆಯ ಅಗಲ ನೋಡುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನೀವು ಬಳಸುತ್ತಿರುವ ನಮ್ಮ ಕಾಂಪೊನೆಂಟ್ ಕಿಟ್‌ನ (ವೆಬ್ ಪುಟ ಕಟ್ಟಲು ಬೇಕಾದ ಸಿದ್ಧ ಭಾಗಗಳ ಕಟ್ಟಿನ) ಮುಂದಿನ ಆವೃತ್ತಿಯಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಕಾರ್ಡ್, ಟೇಬಲ್, ಫಾರ್ಮ್, ಟ್ಯಾಬ್, ಫಿಲ್ಟರ್ ಪಟ್ಟಿ ಇವೆಲ್ಲ ಈವರೆಗೆ ಪರದೆಯ ಅಗಲ ನೋಡಿ ರೂಪ ಬದಲಿಸುತ್ತಿದ್ದವು. ಇನ್ನು ಮುಂದೆ ತಾವು ಕೂತಿರುವ ಜಾಗದ ಅಗಲ ನೋಡಿ ಬದಲಿಸುತ್ತವೆ. ಕೆಲವರ ಪುಟಗಳಲ್ಲಿ ಆವೃತ್ತಿ ಏರಿಸಿದರೆ ಸಾಕು, ಬೇರೇನೂ ಮಾಡಬೇಕಿಲ್ಲ. ಕೆಲವರು ಅಲ್ಲಲ್ಲಿ ಕೈ ಹಾಕಬೇಕಾಗುತ್ತದೆ. ನಿಮ್ಮ ಪುಟ ಯಾವ ಗುಂಪಿನದು ಎಂದು ನೀವೇ ಓದಿ ತಿಳಿಯುವಂತಿರಲಿ ಎಂದು ಪತ್ರವನ್ನು ಸ್ವಲ್ಪ ಉದ್ದಕ್ಕೇ ಬರೆದಿದ್ದೇವೆ.

ಮೊದಲು ಏಕೆ ಎನ್ನುವುದು. ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟು ಮುಂದಿಟ್ಟ ದಾರಿಯಲ್ಲೇ ನಾವೆಲ್ಲರೂ ಇಷ್ಟು ವರ್ಷ ಪುಟ ಕಟ್ಟಿದ್ದೇವೆ: ಹಿಗ್ಗಿ ಕುಗ್ಗುವ ಕಾಲಂಗಳು, ಅವುಗಳ ಜೊತೆಗೇ ಕುಗ್ಗುವ ಚಿತ್ರಗಳು, ಪರದೆ ಇಷ್ಟು ಅಗಲವಿದ್ದರೆ ಹೀಗೆ ಎನ್ನುವ ಮೀಡಿಯಾ ಕ್ವೆರಿಗಳು. ಆಗಿನ ಪುಟಗಳಿಗೆ ಅದು ಧಾರಾಳವಾಗಿ ಸಾಕಿತ್ತು. ಈಗ ಒಂದೇ ಕಾರ್ಡ್ ಮುಖ್ಯ ಕಾಲಂನಲ್ಲೂ ಇರುತ್ತದೆ, ಸೈಡ್‌ಬಾರ್‌ನಲ್ಲೂ ಇರುತ್ತದೆ, ಡೈಲಾಗ್ ಪೆಟ್ಟಿಗೆಯೊಳಗೂ ತೆರೆದುಕೊಳ್ಳುತ್ತದೆ. ಪರದೆ ಎಲ್ಲ ಕಡೆಯೂ ಒಂದೇ. ಕಾರ್ಡ್‌ಗೆ ಸಿಕ್ಕ ಜಾಗ ಮಾತ್ರ ಬೇರೆ ಬೇರೆ.

ಲೆಕ್ಕ ಹಾಕಿ ನೋಡಿ. 1440 ಪಿಕ್ಸೆಲ್ ಅಗಲದ ಮಾನಿಟರ್, ಅದರಲ್ಲಿ 280 ಪಿಕ್ಸೆಲ್‌ನ ಸೈಡ್‌ಬಾರ್, ಅದರೊಳಗೆ ನಮ್ಮ ಕಾರ್ಡ್. ಮೀಡಿಯಾ ಕ್ವೆರಿಗೆ ಕಾಣುವುದು 1440 ಮಾತ್ರ. ಬೇಕಾದಷ್ಟು ಜಾಗವಿದೆ ಎಂದುಕೊಂಡು ಅದು ಚಿತ್ರವನ್ನೂ ಬರಹವನ್ನೂ ಅಕ್ಕಪಕ್ಕ ಕೂರಿಸುತ್ತದೆ. ಚಿತ್ರಕ್ಕೆ 160, ಅಂಚು ಮತ್ತು ನಡುವಿನ ತೆರಪಿಗೆ ಒಟ್ಟು 48 ಹೋದರೆ ಬರಹಕ್ಕೆ ಉಳಿಯುವುದು 72 ಪಿಕ್ಸೆಲ್. ಸಾಲಿಗೊಂದು ಪದ; ಪದ ಉದ್ದವಾದರೆ ಅದೂ ಪೆಟ್ಟಿಗೆಯಾಚೆ ಚೆಲ್ಲುತ್ತದೆ. ಕೋಣೆ ಅಳೆಯದೆ, ಮನೆ ಎಷ್ಟು ದೊಡ್ಡದೆಂದು ಕೇಳಿಕೊಂಡು ಮಂಚ ಮಾಡಿಸಿದ ಹಾಗೆ.

ಇದಕ್ಕೆ ನಿಮ್ಮಲ್ಲಿ ಅನೇಕರು ‘ಕಾಂಪ್ಯಾಕ್ಟ್’ ಆಯ್ಕೆ ಹಾಕಿಕೊಂಡು ದಾರಿ ಮಾಡಿಕೊಂಡಿದ್ದೀರಿ. ಆದರೆ ಅದೇ ಪುಟ ಟ್ಯಾಬ್ಲೆಟ್‌ಗೆ ಬಂದು ಸೈಡ್‌ಬಾರ್ ಮುಖ್ಯ ಕಾಲಂನ ಕೆಳಗೆ ಇಳಿದಾಗ ಕಾರ್ಡ್‌ಗೆ 700 ಪಿಕ್ಸೆಲ್ ಸಿಗುತ್ತದೆ, ಅದು ಮಾತ್ರ ಮುದುಡಿಕೊಂಡೇ ಇರುತ್ತದೆ. ಜಾಗ ಕಿರಿದೋ ಅಗಲವೋ ಎಂದು ಪುಟ ಬರೆಯುವವರು ಮೊದಲೇ ಊಹಿಸಿ ಹೇಳಬೇಕಾದದ್ದೇ ಇಲ್ಲಿನ ತೊಡಕು. ಹೊಸ ಆವೃತ್ತಿಯಲ್ಲಿ ಈ ಆಯ್ಕೆ ಇಲ್ಲ. ಹಾಕಿದ್ದರೆ ತೆಗೆದುಬಿಡಿ. ತೆಗೆಯದಿದ್ದರೂ ನಷ್ಟವಿಲ್ಲ, ಕಿಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟು ಸರಳ ವಿಷಯ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ ಹೇಳುವ ಭಾಷೆಯಲ್ಲಿ, ಮೊದಲೇ ಏಕೆ ಇರಲಿಲ್ಲ ಎಂದು ಕೆಲವರು ಕೇಳಿದ್ದಾರೆ. ಕಷ್ಟ ಇದ್ದದ್ದು ಸುತ್ತಿನಲ್ಲಿ. ‘ಪೆಟ್ಟಿಗೆ 400 ಪಿಕ್ಸೆಲ್ ದಾಟಿದರೆ ಅಕ್ಷರ ಚಿಕ್ಕದು ಮಾಡು’ ಎಂದು ಬರೆದೆವು ಅನ್ನಿ. ಅಕ್ಷರ ಚಿಕ್ಕದಾಯಿತು, ಬರಹ ಕುಗ್ಗಿತು, ಅದರ ಜೊತೆ ಪೆಟ್ಟಿಗೆಯೂ 400ಕ್ಕಿಂತ ಕೆಳಗೆ ಬಂತು. ಆಗ ನಿಯಮ ಅನ್ವಯಿಸದು, ಅಕ್ಷರ ಮತ್ತೆ ದೊಡ್ಡದು, ಪೆಟ್ಟಿಗೆ ಮತ್ತೆ ಅಗಲ. ಇದಕ್ಕೆ ಕೊನೆಯೇ ಇಲ್ಲ. ಪರದೆಯ ಬದಲು ಹೊರಗಿನ ಪೆಟ್ಟಿಗೆಯ ಅಗಲ ಕೇಳುವ ಕಂಟೇನರ್ ಕ್ವೆರಿ ಈ ಸುತ್ತನ್ನು ಒಂದು ಷರತ್ತಿನಿಂದ ಕತ್ತರಿಸಿತು: ಯಾವ ಪೆಟ್ಟಿಗೆಯ ಅಗಲ ಕೇಳುತ್ತೀರೋ ಆ ಪೆಟ್ಟಿಗೆಯ ಅಗಲ ತನ್ನೊಳಗಿನ ವಸ್ತುವನ್ನು ನೆಚ್ಚಿಕೊಂಡಿರಬಾರದು. ಕ್ರೋಮ್ ಮತ್ತು ಸಫಾರಿಗೆ ಈ ಸೌಲಭ್ಯ 2022ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2023ರ ಫೆಬ್ರವರಿಯಲ್ಲಿ. ಆಗಲೇ ಜಿಗಿಯದೆ ನಾವು ತಡೆದದ್ದು ಬೇಕೆಂದೇ. ಡೆವಲಪರ್‌ಗಳ ಬ್ರೌಸರ್ ವಾರದಲ್ಲಿ ಹೊಸದಾಗುತ್ತದೆ, ಬಳಕೆದಾರರ ಕೈಯಲ್ಲಿರುವ ಹಳೆಯ ಫೋನ್ ಹಾಗಲ್ಲ.

ನಡುವೆ ಜಾವಾಸ್ಕ್ರಿಪ್ಟ್‌ನಿಂದ ಪ್ರತಿ ಪೆಟ್ಟಿಗೆಯ ಅಗಲ ಅಳೆದು, ಅದಕ್ಕೆ ತಕ್ಕ ರೂಪದ ಗುರುತು (ಕ್ಲಾಸ್) ಹಚ್ಚುವ ದಾರಿಯೂ ಇತ್ತು. ಅದು ನಮಗೆ ಒಗ್ಗಲಿಲ್ಲ. ಸರ್ವರ್‌ನಿಂದ ಬಂದ ಪುಟ ಮೊದಲು ಒಂದು ರೂಪದಲ್ಲಿ ಕಂಡು, ಸ್ಕ್ರಿಪ್ಟ್ ಓಡಿದ ಮೇಲೆ ಇನ್ನೊಂದಕ್ಕೆ ಹಾರುವುದನ್ನು ಯಾರು ಮೆಚ್ಚುತ್ತಾರೆ?

ಈಗ ನಿಮ್ಮ ಕಡೆಯ ಕೆಲಸ. ಹೆಚ್ಚು ಜನರಿಗೆ ಎದುರಾಗುವುದು ಇದು: ಕಾಂಪೊನೆಂಟ್ ಆವೃತ್ತಿ ಏರಿಸಿದ ಕೂಡಲೇ ಮಾಯವಾಗುವುದು, ಇಲ್ಲವೇ ಗೆರೆಯಷ್ಟು ಸಣ್ಣಗಾಗುವುದು. ಗಾಬರಿ ಬೇಡ. ಮೇಲೆ ಹೇಳಿದ ಷರತ್ತಿನ ಫಲ ಅದು. ಒಳಗಿನ ಬರಹದಿಂದ ಅಗಲ ಪಡೆಯುವ ಜಾಗದಲ್ಲಿ, ಅಂದರೆ ಇನ್‌ಲೈನ್-ಬ್ಲಾಕ್, ಫ್ಲೋಟ್, ಅಥವಾ ಹಿಗ್ಗಲು ಅನುಮತಿ ಇಲ್ಲದ ಫ್ಲೆಕ್ಸ್ ಸಾಲಿನಲ್ಲಿ, ನಮ್ಮ ಕಾಂಪೊನೆಂಟ್ ಇಟ್ಟಿದ್ದರೆ ಬ್ರೌಸರ್ ಅದನ್ನು ಒಳಗೆ ಏನೂ ಇಲ್ಲದ ಪೆಟ್ಟಿಗೆಯೆಂದು ಎಣಿಸಿ ಅಗಲವನ್ನು ಸೊನ್ನೆಗೆ ಇಳಿಸುತ್ತದೆ. ಫ್ಲೆಕ್ಸ್ ಸಾಲಾದರೆ ಹಿಗ್ಗುವ ಅನುಮತಿ ಕೊಡಿ, ಇಲ್ಲದಿದ್ದರೆ ಅಗಲವನ್ನು ನೀವೇ ಹೇಳಿ. ಗ್ರಿಡ್‌ನಲ್ಲಿ ‘ಆಟೋ’ ಕಾಲಂ ಇದ್ದ ಕಡೆಯೂ ಒಮ್ಮೆ ಕಣ್ಣಾಡಿಸಿ. ಸಾಧಾರಣ ಬ್ಲಾಕ್‌ನೊಳಗೆ ಇಟ್ಟಿದ್ದವರಿಗೆ ಈ ತಾಪತ್ರಯವಿಲ್ಲ.

ಎರಡನೆಯದು ಕಣ್ಣಿಗೆ ಬೀಳುವುದು ತಡ, ಆದ್ದರಿಂದ ಹೆಚ್ಚು ಕಾಡುತ್ತದೆ. ನಮ್ಮ ಬ್ರೇಕ್‌ಪಾಯಿಂಟ್‌ಗಳೆಲ್ಲ, ಅಂದರೆ ರೂಪ ಬದಲಾಗುವ ಅಗಲಗಳೆಲ್ಲ, ಅಕ್ಷರ ಗಾತ್ರವನ್ನು ಆಧರಿಸಿದ ‘ರೆಮ್’ ಅಳತೆಯಲ್ಲಿವೆ. ಮೀಡಿಯಾ ಕ್ವೆರಿಯಲ್ಲಿ ರೆಮ್ ಎಂದರೆ ಬ್ರೌಸರ್‌ನ ಮೂಲ ಅಕ್ಷರ ಗಾತ್ರ. ನೀವು ಸ್ಟೈಲ್‌ಶೀಟ್‌ನಲ್ಲಿ ಬೇರಿನ ಎಲಿಮೆಂಟ್‌ಗೆ (ಪುಟದಲ್ಲಿ ಎಲ್ಲಕ್ಕೂ ಹೊರಗಿನ ‘ರೂಟ್’ಗೆ) ಏನೇ ಗಾತ್ರ ಬರೆದರೂ ಅದು ಕದಲುವುದಿಲ್ಲ. ಕಂಟೇನರ್ ಕ್ವೆರಿ ಹಾಗಲ್ಲ, ನೀವು ಬರೆದ ಗಾತ್ರವನ್ನೇ ಹಿಡಿಯುತ್ತದೆ. ಲೆಕ್ಕ ಸುಲಭವಾಗಲೆಂದು ಬೇರಿಗೆ 62.5 ಶೇಕಡಾ ಹಾಕುವ ಹಳೆಯ ರೂಢಿ ನಿಮ್ಮಲ್ಲಿದ್ದರೆ, 40 ರೆಮ್ ಎಂಬುದು 640 ಪಿಕ್ಸೆಲ್ ಬದಲು 400ಕ್ಕೇ ಬಂದು ನಿಲ್ಲುತ್ತದೆ. ಕಾರ್ಡ್ ಇನ್ನೂ ಕಿರಿದಾಗಿರುವಾಗಲೇ ಅಗಲದ ರೂಪ ತಾಳುತ್ತದೆ. ಇದಕ್ಕಾಗಿ ಕಿಟ್‌ನ ಸೆಟ್ಟಿಂಗ್‌ನಲ್ಲಿ ಬೇರಿನ ಗಾತ್ರ ಹೇಳುವ ಜಾಗ ಇಟ್ಟಿದ್ದೇವೆ. ಅಲ್ಲಿ ತುಂಬಿ ಮತ್ತೊಮ್ಮೆ ಬಿಲ್ಡ್ ಮಾಡಿ, ಅಂದರೆ ಕಡತಗಳನ್ನು ಹೊಸದಾಗಿ ಸಿದ್ಧಪಡಿಸಿ. ಬ್ರೇಕ್‌ಪಾಯಿಂಟ್‌ಗಳನ್ನು ಸಿಎಸ್‌ಎಸ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಇಷ್ಟೂ ಬೇಕಿರಲಿಲ್ಲ ಎನಿಸಬಹುದು. ಆದರೆ ಅಗಲದ ಷರತ್ತಿನೊಳಗೆ ವೇರಿಯಬಲ್ ಕೆಲಸ ಮಾಡುವುದಿಲ್ಲ, ಹೀಗಾಗಿ ಬಿಲ್ಡ್ ಒಂದೇ ದಾರಿ.

ನೀವೇ ಬರೆದು ಸೇರಿಸಿದ ಸ್ಟೈಲ್‌ಗಳನ್ನೂ ನೋಡಿಕೊಳ್ಳಿ. ನಮ್ಮ ಕಾರ್ಡ್‌ನ ಒಳಭಾಗವನ್ನು ಪರದೆಯ ಅಗಲಕ್ಕೆ ಕಟ್ಟಿ ತಿದ್ದಿದ್ದರೆ, ಇನ್ನು ಒಂದೇ ಕಾರ್ಡ್‌ಗೆ ಇಬ್ಬರು ಯಜಮಾನರು. ಬ್ರೇಕ್‌ಪಾಯಿಂಟ್‌ಗಳ ಹೆಸರೂ ಬದಲಾಗಿದೆ: ‘ಫೋನ್’, ‘ಟ್ಯಾಬ್ಲೆಟ್’, ‘ಡೆಸ್ಕ್‌ಟಾಪ್’ ಹೋಗಿ ‘ಕಿರಿದು’, ‘ನಡುವಣ’, ‘ಅಗಲ’ ಬಂದಿವೆ. ಹಳೆಯ ಹೆಸರು ಎಲ್ಲಿ ಉಳಿದಿದೆ ಎಂದು ಬಿಲ್ಡ್ ಹೊತ್ತಿನಲ್ಲೇ ಎಚ್ಚರಿಕೆ ಬರುತ್ತದೆ.

ಎಲ್ಲವನ್ನೂ ಬದಲಿಸಿಲ್ಲ. ಪುಟದ ಒಟ್ಟು ವಿನ್ಯಾಸ, ಮೇಲಿನ ಮೆನು, ಮುದ್ರಣದ ಸ್ಟೈಲ್ ಇವು ಮೀಡಿಯಾ ಕ್ವೆರಿಯಲ್ಲೇ ಇವೆ, ಇರಬೇಕಾದದ್ದೂ ಅಲ್ಲೇ. ಮೌಸ್ ಇದೆಯೋ, ಬೆರಳಿನಿಂದ ಒತ್ತುತ್ತಾರೋ ಎಂಬುದು ಸಾಧನಕ್ಕೆ ಸೇರಿದ ವಿಷಯ, ಪೆಟ್ಟಿಗೆಯ ಅಗಲದಿಂದ ಅದು ತಿಳಿಯದು. ಕಿರಿದಾದ ಪೆಟ್ಟಿಗೆ ಎಂದರೆ ಟಚ್‌ಸ್ಕ್ರೀನ್ ಎಂದು ಊಹಿಸುವ ಕೋಡ್ ಈಗಲೂ ಅಲ್ಲಲ್ಲಿ ಕಾಣುತ್ತದೆ, ದಯವಿಟ್ಟು ಬೇಡ. ಇನ್ನು ಬಟನ್ ಸಾಲು, ಟ್ಯಾಗ್ ಸಾಲುಗಳಲ್ಲಿ ನಾವು ಯಾವ ಕ್ವೆರಿಯನ್ನೂ ಇಟ್ಟಿಲ್ಲ. ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಇಳಿ ಎಂದು ಫ್ಲೆಕ್ಸ್‌ಗೆ ಹೇಳಿದರೆ ಮುಗಿಯಿತು. ಬಟನ್ ಮೇಲಿನ ಬರಹ ಬೇರೆ ಭಾಷೆಗೆ ಹೋಗಿ ಎರಡರಷ್ಟು ಉದ್ದವಾದರೂ ಅದು ನಡೆಯುತ್ತದೆ, ಯಾವ ಬ್ರೇಕ್‌ಪಾಯಿಂಟ್‌ನಿಂದಲೂ ಅದಾಗದು.

ಟೇಬಲ್ ಬಗ್ಗೆ ನಮ್ಮೊಳಗೇ ಹೆಚ್ಚು ಚರ್ಚೆ ನಡೆಯಿತು. ಈವರೆಗೆ ಕಿರಿದಾದ ಪರದೆಯಲ್ಲಿ ನಮ್ಮ ಟೇಬಲ್‌ನ ಪ್ರತಿ ಸಾಲೂ ಒಂದೊಂದು ಕಾರ್ಡ್ ಆಗಿ ಒಡೆಯುತ್ತಿತ್ತು. ನೋಡಲು ಚೆಂದ. ಆದರೆ ಜನ ಟೇಬಲ್ ತೆರೆಯುವುದು ಹೆಚ್ಚಾಗಿ ಹೋಲಿಸಲಿಕ್ಕೆ. ಒಂದೇ ಕಾಲಂನ ಅಂಕಿಗಳು ಒಂದರ ಕೆಳಗೊಂದು ಇಲ್ಲದಿದ್ದರೆ ಹೋಲಿಕೆ ಹೇಗೆ? ಹಾಗಾಗಿ ಇನ್ನು ಮುಂದೆ ಟೇಬಲ್ ಟೇಬಲ್ ಆಗಿಯೇ ಉಳಿದು ಅಡ್ಡಕ್ಕೆ ಸರಿಯುತ್ತದೆ, ಮೊದಲ ಕಾಲಂ ಮಾತ್ರ ಜಾಗ ಬಿಟ್ಟು ಕದಲದು. ಸರಿಯುವ ಭಾಗಕ್ಕೆ ಕೀಬೋರ್ಡ್‌ನಿಂದಲೂ ಹೋಗಬಹುದು. ಸಂಪರ್ಕ ಪಟ್ಟಿಯಂಥ, ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ತಿಯಾಗಿರುವ ಕಡೆ ಕಾರ್ಡ್ ರೂಪವೇ ವಾಸಿ. ಅದನ್ನು ಆಯ್ಕೆಯಾಗಿ ಇಟ್ಟಿದ್ದೇವೆ. ಹಾಗೆ ಒಡೆದಾಗ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಇದು ಟೇಬಲ್ ಎಂಬ ಗುರುತೇ ತಪ್ಪಿಹೋಗಬಹುದು, ಅದಕ್ಕೆ ಬೇಕಾದ ಗುರುತುಗಳನ್ನು (ರೋಲ್‌ಗಳನ್ನು) ಕಿಟ್ ತಾನೇ ಬರೆಯುತ್ತದೆ. ಜಾಗ ಇಲ್ಲವೆಂದು ಕಾಲಂ ಬಚ್ಚಿಡುವ ಆಯ್ಕೆಯನ್ನು ಮಾತ್ರ ಪೂರ್ತಿ ತೆಗೆದಿದ್ದೇವೆ. ಕೆಲವರಿಗೆ ಬೇಸರವಾಗಬಹುದು. ಫೋನ್‌ನಲ್ಲಿ ನೋಡುವವರಿಗೆ ಮಾಹಿತಿ ಕಡಿಮೆ ಸಾಕು ಎನ್ನುವುದಕ್ಕೆ ನಮಗೆ ಕಾರಣ ಕಾಣಲಿಲ್ಲ.

ದೃಷ್ಟಿ ಮಂದವಿದ್ದು ಪುಟ ಝೂಮ್ ಮಾಡಿ ಓದುವವರಿಗೂ ಇದೇ ಬದಲಾವಣೆಯಿಂದ ಅನುಕೂಲ. ಅಂಗವಿಕಲರಿಗೂ ವೆಬ್ ಸಿಗಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.1ನೇ ಆವೃತ್ತಿ 2018ರಿಂದ ಒಂದು ಮಾತು ಹೇಳುತ್ತಿದೆ: 320 ಪಿಕ್ಸೆಲ್ ಅಗಲದಲ್ಲೂ ಓದಲು ಎರಡು ದಿಕ್ಕಿಗೆ ಸರಿಸುವಂತಿರಬಾರದು, ಟೇಬಲ್‌ನಂಥವಕ್ಕೆ ಮಾತ್ರ ವಿನಾಯಿತಿ. 1280 ಪಿಕ್ಸೆಲ್ ಕಿಟಕಿಯನ್ನು 400 ಶೇಕಡಾ ಹಿಗ್ಗಿಸಿದರೆ ಉಳಿಯುವುದು ಅಷ್ಟೇ ಅಗಲ. ನಮ್ಮ ಕಿರಿದಾದ ರೂಪಗಳನ್ನೆಲ್ಲ ಆ ಅಳತೆಗೆ ನೋಡಿಯೇ ಕಟ್ಟಿದ್ದೇವೆ. ಒತ್ತುವ ಗುರಿಗಳು ಎಷ್ಟೇ ಇಕ್ಕಟ್ಟಾದರೂ 24 ಪಿಕ್ಸೆಲ್ ಚೌಕಕ್ಕಿಂತ ಕೆಳಗಿಳಿಯುವುದಿಲ್ಲ. ಇನ್‌ಪುಟ್ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗುವುದಿಲ್ಲ. ಚಿಕ್ಕದಾದರೆ ಐಫೋನ್‌ನ ಸಫಾರಿ ಮುಟ್ಟಿದ ಕೂಡಲೇ ಪುಟವನ್ನು ತಾನೇ ಝೂಮ್ ಮಾಡುತ್ತದೆ, ಬಲ್ಲವರಿಗೆ ಆ ಕಿರಿಕಿರಿ ಗೊತ್ತು.

ಹಳೆಯ ಬ್ರೌಸರ್‌ಗಳಲ್ಲಿ ಏನಾಗುತ್ತದೆ? ಕಿರಿದಾದ ರೂಪವನ್ನೇ ನಾವು ಮೂಲವಾಗಿಟ್ಟು, ಅಗಲದ ರೂಪವನ್ನು ಕಂಟೇನರ್ ಕ್ವೆರಿಯೊಳಗೆ ಬರೆದಿದ್ದೇವೆ. ಕ್ವೆರಿ ಅರ್ಥವಾಗದ ಬ್ರೌಸರ್ ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ದೊಡ್ಡ ಪರದೆಯಲ್ಲೂ ಒಂದೇ ಕಾಲಂ ಕಾಣಿಸುತ್ತದೆ. ಚೆಂದ ಕಡಿಮೆ, ಆದರೆ ಓದಲು, ಒತ್ತಲು ಯಾವುದಕ್ಕೂ ತಡೆಯಿಲ್ಲ.

ಪರೀಕ್ಷೆ ಮಾಡುವಾಗ ಬ್ರೌಸರ್‌ನ ಫೋನ್ ಮಾದರಿಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಒಂದು ಖಾಲಿ ಪುಟದಲ್ಲಿ ಅಡ್ಡಕ್ಕೆ ಎಳೆಯಬಹುದಾದ ಪೆಟ್ಟಿಗೆ ಮಾಡಿ, ಅದರೊಳಗೆ ಕಾಂಪೊನೆಂಟ್ ಇಟ್ಟು ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ. ಎರಡು ಬ್ರೇಕ್‌ಪಾಯಿಂಟ್‌ಗಳ ನಡುವಿನ ಅಗಲದಲ್ಲೇ ತಪ್ಪುಗಳು ಅಡಗಿರುತ್ತವೆ, ಯಾವ ಫೋನ್ ಮಾದರಿಯೂ ಅವನ್ನು ತೋರಿಸದು. ನಿಮ್ಮ ನಿಜವಾದ ಬರಹವನ್ನೇ ಹಾಕಿ ನೋಡಿ, ಅದರಲ್ಲೂ ಅತಿ ಉದ್ದದ ಶೀರ್ಷಿಕೆಯನ್ನು.

ಪರೀಕ್ಷಾ ಆವೃತ್ತಿ ಈಗಾಗಲೇ ನಿಮ್ಮ ಖಾತೆಯಲ್ಲಿದೆ. ಹೊಸ ಆವೃತ್ತಿ ಬಿಡುಗಡೆಯಾದ ದಿನದಿಂದ ಒಂದು ವರ್ಷ ಹಳೆಯದಕ್ಕೂ ಭದ್ರತಾ ತಿದ್ದುಪಡಿಗಳು ಬರುತ್ತವೆ, ಹೊಸ ಸೌಲಭ್ಯಗಳು ಬರುವುದಿಲ್ಲ. ಶುಲ್ಕದಲ್ಲಿ ಬದಲಾವಣೆಯಿಲ್ಲ. ಯಾವುದಾದರೂ ಪುಟ ಕೆಟ್ಟು ಕಂಡರೆ ಎಂದಿನ ಸಹಾಯ ವಿಳಾಸಕ್ಕೆ ಬರೆಯಿರಿ. ಸ್ಕ್ರೀನ್‌ಶಾಟ್ ಜೊತೆಗೆ ಕಾಂಪೊನೆಂಟ್ ಕೂತಿರುವ ಹೊರಗಿನ ಎಲಿಮೆಂಟ್‌ನ ಸಿಎಸ್‌ಎಸ್ ಕೂಡ ಕಳಿಸಿದರೆ ಉತ್ತರ ಬೇಗ ಸಿಗುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕಾಂಪೊನೆಂಟ್ ಕಿಟ್ ತಂಡ