ತೆಗೆದ ದಿನವೇ ಫೋಟೊ ಆರಿಸಬೇಡಿ

ಮಾನ್ಯ ಸಂಪಾದಕರೇ,

ದಸರಾ ಮುಗಿದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರು ಕಳಿಸಿದ ಫೋಟೊಗಳು ಬರುತ್ತವೆ. ಒಂದನ್ನೂ ಬಿಡದೆ ನೋಡುವವನು ನಾನು. ಈ ಸಲವೂ ನೋಡಿದೆ. ದೀಪ ಹಾಕಿದ ಅರಮನೆ, ಅಂಬಾರಿ, ಬನ್ನಿಮಂಟಪದ ಪಂಜಿನ ಕವಾಯತು, ಎಲ್ಲ ಇತ್ತು. ಆದರೆ ಒಬ್ಬರದೇ ನಾಲ್ಕು ಫೋಟೊ, ನಾಲ್ಕೂ ಒಂದೇ ಜಾಗದಲ್ಲಿ ನಿಂತು ತೆಗೆದವು. ಅದರಲ್ಲಿ ಒಂದು ನಿಜಕ್ಕೂ ತುಂಬಾ ಚೆನ್ನಾಗಿತ್ತು, ಮಾವುತನ ಮುಖ ಬಿಸಿಲಿಗೆ ತಿರುಗಿದ್ದು. ಉಳಿದ ಮೂರರ ಮಧ್ಯೆ ಅದು ಕಳೆದುಹೋಯಿತು. ಬೇಜಾರಾಯಿತು, ಅದಕ್ಕೇ ಈ ಪತ್ರ.

ಫೋಟೊ ತೆಗೆದ ದಿನ ಅದು ಚೆನ್ನಾಗಿದೆಯೋ ಇಲ್ಲವೋ ಅಂತ ತೆಗೆದವರಿಗೇ ಗೊತ್ತಾಗುವುದಿಲ್ಲ. ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದು ನಾನು ಕಲಿತದ್ದು ಇದು. ರಂಗನತಿಟ್ಟಿಗೆ ಒಂದು ಫೆಬ್ರವರಿಯಲ್ಲಿ ನಾಲ್ಕು ಬೆಳಿಗ್ಗೆ ಹೋಗಿದ್ದೆ, ಬಣ್ಣದ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುವುದನ್ನು ಹಿಡಿಯಬೇಕು ಅಂತ. ದೋಣಿ ಅಲ್ಲಾಡುತ್ತದೆ, ಹಕ್ಕಿ ಯಾವ ಕಡೆಯಿಂದ ಬರುತ್ತದೆ ಅಂತ ಹೇಳಲಾಗದು, ಕೊನೆಗೆ ನಾಲ್ಕನೆಯ ದಿನ ಸಿಕ್ಕಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದೆ. ಒಂದು ದಿನ ತಂಗಿ ಬಂದವಳು ನೋಡಿ, "ಅಣ್ಣ, ಈ ಕಡೆ ರೆಕ್ಕೆ ತುಂಡಾಗಿದೆಯಲ್ಲ?" ಅಂದಳು. ಹೌದು, ಬಲಗಡೆಯ ರೆಕ್ಕೆಯ ತುದಿ ಚೌಕಟ್ಟಿನ ಆಚೆ ಹೋಗಿತ್ತು. ಅಷ್ಟು ದಿನ ನಾನು ನೋಡುತ್ತಿದ್ದದ್ದು ಹಕ್ಕಿಯನ್ನಲ್ಲ, ಆ ನಾಲ್ಕು ಬೆಳಿಗ್ಗೆಯ ಕಷ್ಟವನ್ನು. ಅವಳು ದೋಣಿಯಲ್ಲಿ ಇರಲಿಲ್ಲ, ಹಾಗಾಗಿ ಅವಳಿಗೆ ಫೋಟೊ ಮಾತ್ರ ಕಾಣಿಸಿತು.

ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರ್ಯಾಂಡ್ ಇದೇ ಕಾರಣಕ್ಕೆ ತೆಗೆದ ಫಿಲ್ಮ್ ರೋಲನ್ನು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ತೊಳೆಯದೆ ಇಡುತ್ತಿದ್ದರು. ತೆಗೆದ ಹೊತ್ತಿನ ಖುಷಿ ಆರಿಹೋಗಲಿ ಅಂತ. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲ್ ತೊಳೆಯದೆ ಉಳಿದಿದ್ದವು. ಅಷ್ಟು ಬಾಕಿ ಉಳಿಸಿಕೊಳ್ಳುವುದು ಬೇಡ. ಒಂದೆರಡು ತಿಂಗಳು ಸುಮ್ನೆ ಇಟ್ಟರೂ ಸಾಕು.

ಇನ್ನೊಂದು ಮಾತು, ಇದು ನನಗೆ ಇನ್ನೂ ಮುಖ್ಯ. ಚೆನ್ನಾಗಿಲ್ಲ ಅಂತ ಅಳಿಸುವುದಕ್ಕೂ ಆತುರ ಬೇಡ. 2012ರ ಆಗಸ್ಟ್‌ನಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರಲ್ಲ, ಆಮೇಲೆ ನಾನು ಹಳೆಯ ನೆಗೆಟಿವ್‌ಗಳನ್ನು ಹುಡುಕಿದೆ. ಆರಾರು ಫ್ರೇಮಿನ ಪಟ್ಟಿಗಳು. ಒಂದು ಪಟ್ಟಿಯಲ್ಲಿ ಐದು ದಸರಾ ಆನೆಗಳು. ಆರನೆಯದು ರೋಲಿನ ಮೂವತ್ತಾರನೆಯ ಫ್ರೇಮು, ರೋಲ್ ಮುಗಿಯಲಿ ಅಂತ ಒತ್ತಿದ್ದು. ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿ, ಅರ್ಧ ಮುಚ್ಚಿದ ಬಾಗಿಲು, ಹುರಿ ಕಟ್ಟಿದ ಹಳೆಯ ಪುಸ್ತಕದ ಕಂತೆಗಳು, ಕಂಬಕ್ಕೆ ಒರಗಿಸಿದ ಸೈಕಲ್ಲು, ಕುಕ್ಕರಗಾಲಲ್ಲಿ ಕೂತು ಪುಸ್ತಕ ತಿರುವುತ್ತಿರುವ ಹುಡುಗ. ಆಗ ಅದನ್ನು ಪ್ರಿಂಟ್ ಕೂಡ ಹಾಕಿಸಿರಲಿಲ್ಲ. ನೆಗೆಟಿವ್‌ನಲ್ಲಿ ಒಂದೇ ಫ್ರೇಮ್ ಕತ್ತರಿಸಿ ಎಸೆಯುತ್ತಿರಲಿಲ್ಲವಾದ್ದರಿಂದ ಆನೆಗಳ ಜೊತೆ ಅದೂ ಉಳಿಯಿತು. ಈಗ ಆ ಐದು ಆನೆಗಿಂತ ನನಗೆ ಅದೇ ಹೆಚ್ಚು. ಡಿಜಿಟಲ್ ಆಗಿದ್ದರೆ ಬಸ್ಸಿನಲ್ಲಿ ಮನೆಗೆ ಬರುವಾಗಲೇ ಅಳಿಸಿಬಿಡುತ್ತಿದ್ದೆ. ಕ್ಯಾಮೆರಾ ಹಿಂದಿನ ಆ ಚಿಕ್ಕ ಪರದೆಯಲ್ಲಿ ಏನು ತಾನೇ ತಿಳಿಯುತ್ತದೆ?

ಮಸುಕಾದದ್ದು, ಕಣ್ಣು ಮುಚ್ಚಿದ್ದು, ಒಂದರಂತೆ ಇನ್ನೊಂದು ಇರುವುದು, ಇವನ್ನು ತೆಗೆದುಹಾಕಿ, ತಪ್ಪಿಲ್ಲ. ಆದರೆ ಬೀದಿ, ಅಂಗಡಿ, ಮನೆಯವರು, ನೆರೆಯವರು ಇರುವ ಫೋಟೊ ಎಷ್ಟೇ ಸಾದಾ ಇದ್ದರೂ ಒಂದಾದರೂ ಇಟ್ಟುಕೊಳ್ಳಿ, ಜಾಗ ಮತ್ತು ತಾರೀಖು ಬರೆದಿಡಿ. ಜನರಿಗೆ ತೋರಿಸಲಿಕ್ಕೆ ಆರಿಸುವುದೇ ಬೇರೆ, ಉಳಿಸಿಕೊಳ್ಳಲಿಕ್ಕೆ ಆರಿಸುವುದೇ ಬೇರೆ.

ಸಂಪಾದಕರಲ್ಲಿ ಒಂದು ಕೋರಿಕೆ. ಓದುಗರ ಫೋಟೊಗಳಿಗೆ ಒಬ್ಬರಿಂದ ಒಂದೇ ಚಿತ್ರ ಅಂತ ನಿಯಮ ಮಾಡಿ. ಜೊತೆಗೆ ಯುಗಾದಿ ಹೊತ್ತಿಗೆ ಅರ್ಧ ಪುಟ ಬಿಟ್ಟುಕೊಡಿ, ಹಿಂದಿನ ದಸರೆಯಲ್ಲಿ ತೆಗೆದು ಆಗ ಕಳಿಸದೆ ಇಟ್ಟುಕೊಂಡ ಚಿತ್ರಗಳಿಗೆ. ನೀವು ಒಪ್ಪಿದರೆ ನನ್ನದೂ ಒಂದು ಬರುತ್ತದೆ. ಯಾವುದು ಅಂತ ಇನ್ನೂ ಆರಿಸಿಲ್ಲ.

– ಒಬ್ಬ ಹವ್ಯಾಸಿ ಛಾಯಾಗ್ರಾಹಕ, ಕುವೆಂಪುನಗರ, ಮೈಸೂರು