ಮಗಳಿಗೊಂದು ಪತ್ರ: ‘ಯಾವುದೇ ಹೆಣ್ಣು’

ಪುಟ್ಟೀ,

ನಿನ್ನೆ ರಾತ್ರಿ ದನಿ ಏರಿಸಬಾರದಿತ್ತು. ನಾಳೆ ಅಮೆರಿಕದ ಮಿಸೌರಿಗೆ ಕಾನೂನು ಓದಲು ಹೊರಟವಳ ಹತ್ತಿರ ಜಗಳಕ್ಕೆ ನಿಂತೆನಲ್ಲ, ತಪ್ಪು ನನ್ನದೇ. ಆದರೂ ಒಡೆಯನನ್ನು ಕೊಂದದ್ದಕ್ಕೆ 1855ರಲ್ಲಿ ಅದೇ ಮಿಸೌರಿಯಲ್ಲಿ ವಿಚಾರಣೆಗೆ ನಿಂತ ಗುಲಾಮ ಹುಡುಗಿ ಸೀಲಿಯಾಳ ಮಾತು ಬಂದಾಗ ‘ಜ್ಯೂರಿಯಲ್ಲಿ ಹನ್ನೆರಡೂ ಜನ ಬಿಳಿಯರು, ಸೀಲಿಯಾ ಸೋತದ್ದು ಅದಕ್ಕೇ’ ಅಂತ ನೀನು ಒಂದೇ ಮಾತಲ್ಲಿ ಮುಗಿಸಿದ್ದನ್ನು ನಾನು ಒಪ್ಪಲಾರೆ.

ಮಿಸೌರಿಯ 1845ರ ಶಾಸನ ಓದು. ‘ಯಾವುದೇ ಹೆಣ್ಣನ್ನು’ ಬಲವಂತದಿಂದ, ಬೆದರಿಕೆಯಿಂದ ಕೆಡಿಸುವುದು ಅಪರಾಧ ಅಂತಲೇ ಬರೆದಿದೆ. ಒಡೆಯ ರಾಬರ್ಟ್ ನ್ಯೂಸಮ್ 1850ರಲ್ಲಿ ಕೊಂಡು ತಂದಾಗ ಸೀಲಿಯಾಗೆ ಸುಮಾರು 14 ವರ್ಷ. ಅಂದಿನಿಂದ ಅವನು ಮಾಡಿದ್ದು ಅದನ್ನೇ. 1855ರ ಜೂನ್ 23ರ ರಾತ್ರಿ ಅವಳು ಬಸುರಿ, ಮೈಯಲ್ಲೂ ಹುಷಾರಿಲ್ಲ. ಬರಬೇಡ ಅಂದರೂ ಗುಡಿಸಲಿಗೆ ಬಂದವನನ್ನು ದೊಣ್ಣೆಯಿಂದ ಹೊಡೆದು ಕೊಂದಳು, ಹೆಣವನ್ನು ಒಲೆಯಲ್ಲಿ ಸುಟ್ಟಳು. ಮರುದಿನ ಆ ಬೂದಿ ಹೊರಗೆ ಹಾಕಲು ನ್ಯೂಸಮ್‌ನ ಮೊಮ್ಮಗನಿಗೇ ಎರಡು ಡಜನ್ ಅಕ್ರೋಟು ಕೊಡುತ್ತೇನೆ ಅಂದಳು. ಆ ಹುಡುಗ ಯಾರ ಬೂದಿ ಹೊತ್ತ ಅನ್ನುವುದು ನನ್ನ ತಲೆಯಿಂದ ಹೋಗುವುದೇ ಇಲ್ಲ.

ಅವಳ ವಕೀಲ ಜಾನ್ ಜೇಮಿಸನ್ ಕೇಳಿದ್ದು ಇಷ್ಟು: ‘ಯಾವುದೇ ಹೆಣ್ಣು’ ಅಂದರೆ ಗುಲಾಮ ಹೆಣ್ಣೂ ಸೇರಿದಳು ಅಂತ ಜ್ಯೂರಿಗೆ ನಿರ್ದೇಶನ ಕೊಡಿ. ಹಾಗೆ ಕೊಟ್ಟಿದ್ದರೆ ಅತ್ಯಾಚಾರ ತಡೆಯಲು ಹೊಡೆದ ಏಟು ಸಮರ್ಥನೀಯವೋ ಅಲ್ಲವೋ ಅಂತ ಜ್ಯೂರಿ ಯೋಚಿಸಬೇಕಾಗುತ್ತಿತ್ತು. ನ್ಯಾಯಾಧೀಶ ವಿಲಿಯಂ ಹಾಲ್ ನಿರಾಕರಿಸಿದ. ಉಳಿದ ಪ್ರಶ್ನೆ ಒಂದೇ, ಕೊಂದಳೋ ಇಲ್ಲವೋ. ಅದನ್ನು ಅವಳು ಮೊದಲೇ ಒಪ್ಪಿಕೊಂಡಾಗಿತ್ತು.

ಬೇರೆಯವನು ಗುಲಾಮಳನ್ನು ಕೆಡಿಸಿದರೆ ಅದು ಒಡೆಯನ ಆಸ್ತಿಯ ಮೇಲಿನ ಅತಿಕ್ರಮ. ಒಡೆಯನೇ ಕೆಡಿಸಿದರೆ? ತನ್ನ ಆಸ್ತಿಯನ್ನು ತಾನೇ ಅತಿಕ್ರಮಿಸುವವರು ಯಾರು! ಅವಳಿಗಾದ ನೋವಿಗೆ ಆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಬಿಳಿಯರ ವಿರುದ್ಧ ಕರಿಯರ ಸಾಕ್ಷಿಯೂ ನಡೆಯುತ್ತಿರಲಿಲ್ಲ, ಹಾಗಾಗಿ ಕೋರ್ಟಿನಲ್ಲಿ ಅವಳು ಬಾಯಿ ಬಿಡುವಂತೆಯೇ ಇಲ್ಲ.

ಅದಕ್ಕೇ ಹೇಳುತ್ತೇನೆ, ತೀರ್ಪು ಓದುವ ಮೊದಲು ನಿರಾಕರಿಸಿದ ನಿರ್ದೇಶನಗಳನ್ನು ಓದು. ಶಾಸನದಲ್ಲಿ ‘ಯಾವುದೇ’ ಅಂತ ಕಂಡಲ್ಲೆಲ್ಲ ನಿಲ್ಲು, ಯಾರನ್ನು ಬಿಟ್ಟಿದ್ದಾರೆ ಅಂತ ಕೇಳು. ಪಾಠ ಮಾಡಬಾರದು ಅಂತಲೇ ಕೂತಿದ್ದೆ, ಆದರೂ ನೀನು ಬುದ್ಧಿವಂತೆ, ಬೇಗ ಓದುತ್ತೀಯ, ನನ್ನ ಹೆದರಿಕೆ ಆ ಬೇಗದ್ದೇ.

ನವೆಂಬರ್ 16ಕ್ಕೆ ಗಲ್ಲು ಅಂತ ಆಗಿತ್ತು. ಮೇಲ್ಮನವಿಗೆ ಸಮಯ ಸಿಗಲಿ ಅಂತ ಯಾರೋ ಅವಳನ್ನು ಜೈಲಿನಿಂದ ಒಯ್ದು, ಆ ದಿನ ಕಳೆದ ಮೇಲೆ ವಾಪಸು ತಂದು ಬಿಟ್ಟರು. ರಾಜ್ಯದ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಡಿಸೆಂಬರ್ 21ರಂದು ಗಲ್ಲಿಗೇರಿಸಿದರು.

ವಿಚಾರಣೆ ನಡೆದ ಫುಲ್ಟನ್ ಊರು ನೀನು ಓದಲಿರುವ ಕೊಲಂಬಿಯಾ ಊರಿಗೆ ಹತ್ತಿರವೇ. ಒಂದು ಸಲ ಹೋಗಿ ಬಾ. ಡಿಸೆಂಬರಿನಲ್ಲಿ ಹೋಗುವುದಾದರೆ ದಪ್ಪ ಸ್ವೆಟರ್ ಮರೀಬೇಡ.

ನಿನ್ನ
ಅಮ್ಮ