ಚೂರು ಬಟ್ಟೆ ಕೊಟ್ಟವರಿಗೆ, ಜೊತೆ ಕೂತವರಿಗೆ

ಮಗಳ ಮದುವೆ ಚೆನ್ನಾಗಿ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನಿನಲ್ಲೇ ಹರಸಿದವರಿಗೆ, ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ. ಹೊರಡುವಾಗ ನಿಮ್ಮ ಕೈಗೆ ಕೊಟ್ಟ ತಾಂಬೂಲದ ಚೀಲಗಳ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಎಲ್ಲಿ ಮಾಡಿಸಿದ್ದು, ಒಂದಕ್ಕೆ ಎಷ್ಟಾಯಿತು, ಒಂದರ ಹಾಗೆ ಇನ್ನೊಂದು ಯಾಕಿಲ್ಲ ಅಂತ. ಅವು ಅಂಗಡಿಯವಲ್ಲ. ಮನೆಯಲ್ಲೇ ಹೊಲಿದವು. ಅದೂ ಯಾರ್‍ಯಾರದೋ ರವಿಕೆ, ಲಂಗ, ಜುಬ್ಬಾ ಹೊಲಿದು ಉಳಿದ ಚೂರುಗಳಲ್ಲಿ. ಆ ಕೆಲಸಕ್ಕೆ ಕೈ ಜೋಡಿಸಿದವರಿಗೆ ಮಂಟಪದ ಗಡಿಬಿಡಿಯಲ್ಲಿ ಒಂದು ಮಾತು ಹೇಳಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನಮ್ಮನೆಯವರು ಆಸ್ಪತ್ರೆ ಸೇರಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ರಕ್ತ ಕೊಟ್ಟ ಹುಡುಗರಿಗೆ, ಸರದಿ ಮೇಲೆ ಗಂಜಿ ತಂದ ಅಕ್ಕಪಕ್ಕದವರಿಗೆ, ಆ ಮಳೆಯಲ್ಲೂ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡಿದ ಅಣ್ಣನಿಗೆ, ನಮ್ಮನೆಯವರ ಆಫೀಸಿನ ಎಲ್ಲರಿಗೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ ಒಟ್ಟಿಗೇ ಕೈ ಮುಗಿಯುತ್ತೇನೆ. ಒಬ್ಬೊಬ್ಬರ ಹೆಸರು ಹಿಡಿದು ಹೇಳಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ನೀವಲ್ಲ.

ಅತ್ತಿಗೆಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆಶ್ಲೇಷ ಮಳೆ ಹಿಡಿದಿದ್ದ ರಾತ್ರಿ ಅದು. ಡಾಕ್ಟರು ಬಂದು, ಬೆಳಗಿನವರೆಗೆ ನೋಡೋಣ ಅಂದು ಒಳಗೆ ಹೋದರು. ಬಂದಿದ್ದವರನ್ನೆಲ್ಲ ಸೆಕ್ಯೂರಿಟಿಯವರು ಕೆಳಗೆ ಕಳಿಸಿದ್ದರು. ಐಸಿಯು ಹೊರಗಿನ ಬೆಂಚಿನ ಮೇಲೆ ನಾನು, ಅತ್ತಿಗೆ ಇಬ್ಬರೇ. ನನ್ನ ಕೈ ನಡುಗುತ್ತಿತ್ತು. ಎಷ್ಟು ಬಿಗಿ ಹಿಡಿದರೂ ನಿಲ್ಲುತ್ತಿರಲಿಲ್ಲ.

ಅತ್ತಿಗೆಯ ಹತ್ತಿರ ಯಾವಾಗಲೂ ಒಂದು ಸಂಚಿ ಇರುತ್ತದೆ. ಅವರ ಅಜ್ಜನ ಕವಳದ ಸಂಚಿಯ ಅಳತೆಯಲ್ಲೇ ಹೊಲಿದುಕೊಂಡಿದ್ದು. ಎಲೆ ಇಡುವ ಖಾನೆಯಲ್ಲಿ ಬಟ್ಟೆ ಚೂರು, ಅಡಿಕೆಯ ಖಾನೆಯಲ್ಲಿ ದಾರದ ಉಂಡೆ, ಸುಣ್ಣದ ಡಬ್ಬಿ ಇರಬೇಕಾದಲ್ಲಿ ಸೂಜಿ. ಅದರಿಂದ ಒಂದು ಹಳದಿ ಚೂರು ತೆಗೆದು, ಸೂಜಿಗೆ ದಾರ ಪೋಣಿಸಿ ನನ್ನ ಕೈಗಿಟ್ಟರು. “ತಗ, ಇದರ ಅಂಚು ಮಡಚಿ ಹೊಲಿ ಮಾರಾಯ್ತಿ” ಅಂದರು. ನನಗೆ ಸಿಟ್ಟು ಬಂತು. “ಈಗ ಇದಾ ಅತ್ತಿಗೆ?” ಅಂದೆ. “ಈಗ ಇದೇ. ಬೆಳಗಾಗ್ಬೇಕಲ್ಲ” ಅಂದರು.

ಹೊಲಿಯುತ್ತಾ ನಾನು ಏನೇನೋ ಮಾತಾಡಿದೆ. ಇವರು ಉಳಿಯದಿದ್ದರೆ ನಾನು ಆ ಮನೆಗೆ ಕಾಲಿಡುವುದಿಲ್ಲ ಅಂದೆ. ಮಗಳ ಮದುವೆ ಮಾತು ನನ್ನ ಹತ್ತಿರ ಎತ್ತಲೇಬೇಡಿ ಅಂದೆ. ದೇವರ ಮನೆಯ ದೀಪ ಇನ್ನು ಯಾರಾದರೂ ಹಚ್ಚಿಕೊಳ್ಳಲಿ, ನಾನು ಹಚ್ಚುವುದಿಲ್ಲ ಅಂದೆ. ಅದನ್ನೆಲ್ಲ ನಾನು ಬೇರೆ ಯಾರ ಎದುರೂ ಹೇಳಿಲ್ಲ, ಮಗಳ ಎದುರು ಕೂಡ. ಏನೂ ಆಗಲ್ಲ, ಧೈರ್ಯವಾಗಿರು ಅಂತ ಆ ದಿನ ಬಂದವರೆಲ್ಲ ಹೇಳಿದ್ದರು. ಅತ್ತಿಗೆ ಆ ಮಾತು ಹೇಳಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ, “ಹೊಲಿಗೆ ದೂರ ದೂರ ಬೀಳ್ತಿದೆ, ಹತ್ತಿರ ಹಾಕು” ಅಂದರು. ನಾನು ಹತ್ತಿರ ಹಾಕಿದೆ.

ಅವರ ತವರು ಯಲ್ಲಾಪುರದ ಕಡೆ. ಅಲ್ಲಿ ಸಿದ್ದಿ ಸಮುದಾಯದ ಹೆಂಗಸರು ಚೂರು ಬಟ್ಟೆ ಜೋಡಿಸಿ ಕೌದಿ ಹೊಲಿಯುವುದನ್ನು ಚಿಕ್ಕಂದಿನಲ್ಲಿ ನೋಡುತ್ತಾ ಕೂತಿರುತ್ತಿದ್ದರಂತೆ. ಅದರ ಕಥೆ ಹೇಳುತ್ತಾ ನನ್ನನ್ನು ಬೆಳಗಿನವರೆಗೆ ದಾಟಿಸಿದರು. ಕೆಳಗೆ ಹಳೇ ಸೀರೆ ಹಾಸುತ್ತಾರೆ. ಅದರ ಮೇಲೆ ಚೂರುಗಳನ್ನು ಇಡುತ್ತಾ ಹೋಗುತ್ತಾರೆ. ಹೊಲಿಗೆ ನಡುವಿನಿಂದ ಶುರುವಾಗುವುದಿಲ್ಲ. ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಒಳಗೆ ಬರುತ್ತದೆ, ಕೊನೆಗೆ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕೂ ಮೂಲೆಗೆ ಸಣ್ಣ ಬಟ್ಟೆಗಳನ್ನು ತ್ರಿಕೋನ ಮಡಚಿ ಒಂದರ ಮೇಲೊಂದು ಕೂರಿಸಿ ಹೂವು ಮಾಡುತ್ತಾರೆ. ಆ ಹೂವು ಇಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಲೆಕ್ಕ. ಇಷ್ಟನ್ನೂ ಅತ್ತಿಗೆ ನಿಧಾನವಾಗಿ, ಒಂದೊಂದೇ ಮೂಲೆಗೆ ಕೈ ತೋರಿಸುತ್ತಾ ಹೇಳಿದರು. ನಡುವೆ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು. ಮತ್ತೆ ಕೂರುತ್ತಿದ್ದೆವು. ಬೆಳಗ್ಗೆ ಡಾಕ್ಟರು ಬಂದು ಪರವಾಗಿಲ್ಲ ಅಂದಾಗ ಆ ಹಳದಿ ಚೂರಿನ ನಾಲ್ಕೂ ಅಂಚು ಮುಗಿದು ನನ್ನ ಮಡಿಲಲ್ಲಿತ್ತು.

ಅಡುಗೆಮನೆಯ ಮಸಿಬಟ್ಟೆ ಅದು ಈಗ. ಹಾಲಿನ ಪಾತ್ರೆ ಇಳಿಸುತ್ತೇನೆ.

ನಮ್ಮನೆಯವರು ಮನೆಗೆ ಬಂದ ಮೇಲೂ ಅತ್ತಿಗೆ ವಾಪಸು ಹೋಗಲಿಲ್ಲ. ಅವರ ಮನೆಯ ತೋಟ, ದನ ಎಲ್ಲ ಅಣ್ಣನ ಮೇಲೆ ಬಿಟ್ಟು ದೀಪಾವಳಿಯವರೆಗೆ ನಮ್ಮಲ್ಲೇ ಇದ್ದರು. ಅಟ್ಟದ ಮೇಲಿದ್ದ ನನ್ನ ಕಾಲು ಮೆಷಿನ್ ಕೆಳಗೆ ಇಳಿಸಿದವರು ಅವರೇ. ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ, ಬಾಬಿನ್ನಿಗೆ ದಾರ ಸುತ್ತಿ, “ಮದುವೆಗೆ ತಾಂಬೂಲದ ಚೀಲ ಬೇಕಲ್ಲ, ಶುರು ಮಾಡು” ಅಂದರು. ಮದುವೆ ದಿನ ಗೊತ್ತಾಗುವ ಮೊದಲೇ! ಮದುವೆ ಮಾತು ಎತ್ತಬೇಡಿ ಅಂದವಳಿಗೆ ಅವರು ಕೊಟ್ಟ ಉತ್ತರ ಅದೇ ಅಂತ ನನಗೆ ಅರ್ಥವಾಯಿತು. ಅತ್ತಿಗೆ, ನಿಮ್ಮ ಎದುರು ಇದನ್ನೆಲ್ಲ ಹೇಳಲು ಹೋದರೆ ನೀವು ಎದ್ದು ಒಲೆ ಹತ್ತಿರ ಹೋಗುತ್ತೀರಿ. ಅದಕ್ಕೇ ಎಲ್ಲರ ಎದುರು ಬರೆದಿದ್ದೇನೆ. ಆ ರಾತ್ರಿ ನೀವು ಇಲ್ಲದಿದ್ದರೆ ನಾನು ಇರುತ್ತಿದ್ದ ರೀತಿಯೇ ಬೇರೆ.

ಹೊಸ ಬಟ್ಟೆಗೆ ಕತ್ತರಿ ಹಾಕುವಾಗ ನನಗೆ ಇಂದಿಗೂ ಅಂಜಿಕೆ. ಮೀಟರಿಗೆ ಇಷ್ಟು ಕೊಟ್ಟಿದ್ದೇವೆ, ಹಾಳಾದರೆ? ಚೂರು ಬಟ್ಟೆಗೆ ಆ ಭಯವಿಲ್ಲ. ಯಾರಿಗೂ ಬೇಡವಾಗಿದ್ದು ಅದು. ಎರಡು ತುಂಡು ಜೋಡಿಸಿ ನೋಡಬಹುದು, ಒಪ್ಪದಿದ್ದರೆ ಬಿಚ್ಚಬಹುದು. ಮನಸ್ಸು ತುಂಬಾ ಬಿಗಿದಿದ್ದ ದಿನಗಳಲ್ಲಿ ನನಗೆ ಬೇಕಿದ್ದಿದ್ದು ಆ ಸಲೀಸು. ಮೇಲಾಗಿ ಚೀಲ ಅಂದರೆ ನಾಲ್ಕು ಜನ ಬಳಸುವ ವಸ್ತು. ಹೊಲಿದು ಮುಗಿದ ತಕ್ಷಣ ಒಳಗೊಂದು ತೆಂಗಿನಕಾಯಿ ಹಾಕಿ ಎತ್ತಿ ನೋಡುತ್ತಿದ್ದೆವು. ತಡೆದರೆ ಅಲ್ಲಿಗೆ ಸಂತೋಷ. ಪ್ರತಿ ಸಲವೂ ಹೊಸದಾಗಿಯೇ ಆಗುತ್ತಿತ್ತು ಆ ಸಂತೋಷ.

ಅಳತೆ ಕೇಳಿದವರಿಗೆ ಇಲ್ಲೇ ಹೇಳುತ್ತೇನೆ. ಅಗಲ 10 ಇಂಚು, ಎತ್ತರ 12. ಕೆಳಗಿನ ಎರಡು ಮೂಲೆಗೆ ಅಡ್ಡ ಹೊಲಿಗೆ ಹಾಕಿದರೆ 3 ಇಂಚಿನ ತಳ ಸಿಗುತ್ತದೆ, ಕಾಯಿ ನೆಟ್ಟಗೆ ಕೂರುತ್ತದೆ. ಹಿಡಿಕೆ ಕಿತ್ತು ಬರುವುದು ಜಾಸ್ತಿ. ಅದರ ತುದಿಯನ್ನು ಬಾಯಿಯ ಮಡಿಕೆಯೊಳಗೆ ಸೇರಿಸಿ, ಸುತ್ತ ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹೊಲಿಗೆ ಹಾಕಬೇಕು. ರವಿಕೆಗೆ ಬಳಸುವ ಟೂ ಬೈ ಟೂ ರೂಬಿಯಾದ ತೆಳು ಚೂರಾದರೆ ಒಳಗೆ ಲೈನಿಂಗ್ ಕೊಡಿ. ಕಾಟನ್ ಚೂರನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಹೊಲಿಗೆ ಎಳೆಯುತ್ತದೆ. ಕೆಂಪು ಬಟ್ಟೆ ಬೇರೆಯೇ ನೆನೆಸಿ. ನಮ್ಮ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕೆಲಸ ಅಲ್ವಾ. ಅಣ್ಣನ ಮನೆಯ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಚೂರುಗಳೂ ಇದರಲ್ಲಿವೆ. ನಿಮ್ಮ ಚೀಲಕ್ಕೆ ಸ್ವಲ್ಪ ಹೊಗೆ ವಾಸನೆ ಇದ್ದರೆ ಅದು ಅಲ್ಲಿಯದು.

ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿಯ ಟೇಲರುಗಳಿಗೆ ನಾನು ತುಂಬಾ ಋಣಿ. ಮಷಿನ್ ಕೆಳಗೆ ಬಿದ್ದ ಚೂರನ್ನು ಗುಡಿಸಿ ಹೊರಗೆ ಹಾಕುವ ಬದಲು ನನಗೋಸ್ಕರ ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಒಬ್ಬರಂತೂ ಉದ್ದ ಪಟ್ಟಿಗಳನ್ನು ಬೇರೆ ಮಾಡಿ ಕಟ್ಟಿಡುತ್ತಿದ್ದರು, ಹಿಡಿಕೆಗೆ ಆಗುತ್ತದೆ ಅಂತ. ನಾನು ಕೇಳಿರಲೇ ಇಲ್ಲ! ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಸಿಕ್ಕಿ ಬೀರು ತುಂಬಿದ್ದ ರವಿಕೆ ಕಣಗಳನ್ನು ತಂದುಕೊಟ್ಟ ನಮ್ಮ ಬೀದಿಯ ಹೆಂಗಸರಿಗೂ ಥ್ಯಾಂಕ್ಸ್. ಸಾಗರದ ದೊಡ್ಡಮ್ಮ ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಯಲ್ಲಿ ಹೊಲಿಸಿ ಉಳಿದ ತುಂಡುಗಳನ್ನು ಕಳಿಸಿದರು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನ ಕಂದು ಬಣ್ಣದವು ಕೆಲವು. ಅವನ್ನು ಬೀಗರ ಚೀಲಗಳಿಗೆ ಅಂತಲೇ ಎತ್ತಿಟ್ಟೆ.

ನಮ್ಮನೆಯವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಎದ್ದು ಕೂರುವ ಶಕ್ತಿ ಬಂದ ದಿನದಿಂದ ದಾರ ಕತ್ತರಿಸಿದ್ದು, ಚೀಲ ಮಗುಚಿದ್ದು ಅವರೇ. ಈಗ ದೊಗಲೆಯಾಗುವ ತಮ್ಮ ಹಳೇ ಶರ್ಟುಗಳನ್ನು ತಾವೇ ತಂದುಕೊಟ್ಟರು. ಗುಂಡಿ ಬಿಚ್ಚಿ ಡಬ್ಬಿಗೆ ಹಾಕಿದರು. ಜೇಬು ಮಾತ್ರ ಬಿಚ್ಚಬೇಡ ಅಂದರು. ಹೊರಗೆ ಜೇಬಿರುವ ಚೀಲ ಯಾರಿಗೆ ಸಿಕ್ಕಿದೆಯೋ, ಅದು ಅವರ ಶರ್ಟಿನದು. ಅಂದು ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪ್ರತಿಯೊಬ್ಬರ ಕೈಗೂ ಚೀಲ ಕೊಟ್ಟರಲ್ಲ, ಊಟಕ್ಕೆ ಏಳಿ ಅಂದರೂ ಏಳಲಿಲ್ಲ. ನಾನು ದೂರದಿಂದ ನೋಡುತ್ತಿದ್ದೆ. ನನಗೆ ಇನ್ನೇನೂ ಬೇಕಿರಲಿಲ್ಲ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಸಿಗುವ ತೆಳು ತಾಂಬೂಲದ ಚೀಲ ನೋಡಲು ಬಟ್ಟೆಯಂತೆ ಇದ್ದರೂ ಅದು ನೇಯ್ದ ಬಟ್ಟೆಯಲ್ಲ, ಪಾಲಿಪ್ರೊಪಿಲಿನ್, ಅಂದರೆ ಪ್ಲಾಸ್ಟಿಕ್ಕೇ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರಲ್ಲಿ. ಮುಂದೆ ನಿಮ್ಮ ಮನೆಗಳಲ್ಲಿ ಮದುವೆ, ಉಪನಯನ ಇದ್ದರೆ ನನಗೆ ನಾಲ್ಕು ತಿಂಗಳು ಮೊದಲೇ ಹೇಳಿ. ನಾನು ಬಂದು ಕೂತು ಹೊಲಿಯುತ್ತೇನೆ, ಮಷಿನ್ ನಿಮ್ಮದಿದ್ದರೆ ಸಾಕು. ದುಡ್ಡಿನ ಮಾತು ಬೇಡ.

ಚೀಲಕ್ಕೂ ಆಗದಷ್ಟು ಸಣ್ಣ ಚೂರುಗಳು ಎರಡು ಗೋಣಿ ಉಳಿದಿವೆ. ಅದರಲ್ಲಿ ಮಗಳಿಗೊಂದು ಕೌದಿ ಶುರು ಮಾಡಿದ್ದೇವೆ. ಮೂಲೆಯ ಹೂವು ಹಾಕಲು ಅತ್ತಿಗೆ ಯುಗಾದಿ ಕಳೆದ ಮೇಲೆ ಬರುತ್ತಾರೆ. ಕೆಳಗೆ ಹಾಸಲು ಮೆತ್ತಗಿನ ಹಳೇ ಕಾಟನ್ ಸೀರೆ ಬೇಕು. ನಿಮ್ಮಲ್ಲಿದ್ದರೆ ಎತ್ತಿಡಿ, ನಾನೇ ಬಂದು ತಗೊಂಡು ಹೋಗುತ್ತೇನೆ. ನೈಲಾನ್, ಪಾಲಿಯೆಸ್ಟರ್ ಬೇಡ, ಮೈಗೆ ಆಗುವುದಿಲ್ಲ. ಮದುವೆ ದಿನ ಚೀಲ ಸಿಗದೆ ಹೋದವರು ಮನೆಗೆ ಬನ್ನಿ, ಇನ್ನೂ ಕೆಲವು ಇವೆ. ಜೇಬಿನದೂ ಒಂದೆರಡು ಇರಬೇಕು.